ಪ್ಲಗ್ಗಣ್ಣ ಮಾಡಿದ ಸೊನ್ನೆ

ನನ್ನ ಅಪ್ಪನಿಗೆ ಕಚೇರಿಯಲ್ಲಿ ಪ್ಲಗ್ಗಣ್ಣ ಎಂದೇ ಹೆಸರು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಯಾರಾದರೂ ಅದನ್ನು ಹಿಡಿದು ಕರೆದರೆ, ಪಾಪ ಯಾರನ್ನು ಕರೆಯುತ್ತಿದ್ದಾರೋ ಎಂದು ಅವನೇ ಆಚೀಚೆ ನೋಡುತ್ತಿದ್ದ.

ಅದು ಅಂಕಿಅಂಶಗಳ ಕಚೇರಿ. ಎರಡನೇ ಮಹಡಿಯಲ್ಲಿ ಉದ್ದನೆಯ ಒಂದು ಹಾಲ್, ಅದರಲ್ಲಿ ನಲವತ್ತು ಮೇಜು, ನಲವತ್ತು ಲೆಕ್ಕದ ಯಂತ್ರ, ನಲವತ್ತು ಹೆಂಗಸರು. ಕಂಪ್ಯೂಟರ್ ಇನ್ನೂ ಬಾರದ ಕಾಲ. ಒಂದೊಂದು ಯಂತ್ರವೂ ಹೊಲಿಗೆ ಯಂತ್ರಕ್ಕಿಂತ ಭಾರ. ಮುಂದೆ ಸಾಲು ಸಾಲು ಗುಂಡಿ, ಮೇಲೆ ಅಂಕಿ ಕಾಣುವ ಪುಟ್ಟ ಪುಟ್ಟ ಕಿಟಕಿ, ಒಳಗೆ ಸಾವಿರಾರು ಹಲ್ಲಿನ ಚಕ್ರ. ಅವುಗಳಿಗೆ ಎಣ್ಣೆ ಬಿಡುವುದು, ಸ್ಪ್ರಿಂಗ್ ಬದಲಿಸುವುದು, ಕೆಟ್ಟಾಗ ಬಿಚ್ಚಿ ಮತ್ತೆ ಜೋಡಿಸುವುದು ಅಪ್ಪನ ಕೆಲಸ. ಅಲ್ಲಿನ ಹೆಂಗಸರೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದರು. ಒಬ್ಬ ಅತ್ತೆಯನ್ನು ಸಂಭಾಳಿಸುವುದೇ ಕಷ್ಟ ಎನ್ನುವ ಲೋಕದಲ್ಲಿ ಹೀಗೆ ನನಗೆ ನಲವತ್ತು ಜನ ಅತ್ತೆಯರು.

ನಾನು ಹುಟ್ಟಾ ಕಿವುಡಿ. ಮುಂದೆ ಬರುವ ಮಾತುಕತೆಗಳನ್ನೆಲ್ಲ ನೀನು ಹೇಗೆ ಕೇಳಿದೆ ಎಂದು ಯಾರಾದರೂ ಮೂಗು ಮುರಿಯುವ ಮೊದಲೇ ಹೇಳಿಬಿಡುತ್ತೇನೆ: ಕೇಳಲಿಲ್ಲ. ನಾನು ದೊಡ್ಡವಳಾದ ಮೇಲೆ ಅಪ್ಪ ನನಗೆ ಬರೆದು ತೋರಿಸಿದ. ಒಂಬತ್ತನೇ ಮೇಜಿನ ಅತ್ತೆ ಕೈಯಲ್ಲೂ ಕಣ್ಣಲ್ಲೂ ಅಭಿನಯಿಸಿ ತೋರಿಸಿದಳು. ಅಮ್ಮ ಬೇಡ ಬೇಡ ಎನ್ನುತ್ತಲೇ ಉಳಿದದ್ದನ್ನು ಹೇಳಿದಳು. ಇನ್ನು, ಕಿವುಡರ ಲೋಕ ನಿಶ್ಶಬ್ದ ಎಂದು ಕಣ್ಣೀರು ತುಂಬಿ ಬರೆಯುವವರಿದ್ದಾರಲ್ಲ, ಅವರನ್ನು ಆ ಹಾಲ್‌ನಲ್ಲಿ ಅರ್ಧ ಗಂಟೆ ಬರಿಗಾಲಲ್ಲಿ ನಿಲ್ಲಿಸಬೇಕಿತ್ತು.

ಶನಿವಾರ ಅಪ್ಪ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದ. ನಾನು ಚಪ್ಪಲಿಯನ್ನು ಮೆಟ್ಟಿಲ ಹತ್ತಿರವೇ ಬಿಡುತ್ತಿದ್ದೆ. ನೆಲ ಹಲಗೆಯದು. ನಲವತ್ತು ಯಂತ್ರಗಳ ನಡುಕ ಹಲಗೆಯಿಂದ ಅಂಗಾಲಿಗೆ, ಅಂಗಾಲಿನಿಂದ ಮೊಣಕಾಲಿಗೆ, ಅಲ್ಲಿಂದ ಹೊಟ್ಟೆಗೆ ಏರುತ್ತಿತ್ತು. ಕೂಡುವಾಗ ಒಂದು ಬಗೆ, ಗುಣಿಸುವಾಗ ಇನ್ನೊಂದು ಬಗೆ. ಎತ್ತರದ ಕಿಟಕಿಗಳಿಂದ ಬಿಸಿಲು ಇಳಿದು, ಕಾಗದದ ಧೂಳು ಆ ಬಿಸಿಲಲ್ಲಿ ಮೇಲೂ ಹೋಗದೆ ಕೆಳಗೂ ಬೀಳದೆ ನಿಂತಿರುತ್ತಿತ್ತು. ಅಪ್ಪನ ಮೂಲೆಯ ಬೆಂಚಿನ ಕೆಳಗೆ ಮಲಗಿ, ಬೆನ್ನನ್ನು ಹಲಗೆಗೆ ಒತ್ತಿಕೊಂಡರೆ ಅರೆನಿದ್ದೆ ತಾನಾಗಿ ಬರುತ್ತಿತ್ತು. ಇಡೀ ಹಾಲ್ ಎಲ್ಲಿಗೋ ಸಾಗುತ್ತಿದೆ, ನಾನೂ ಅದರ ಹೊಟ್ಟೆಯೊಳಗೆ ಕೂತು ಹೋಗುತ್ತಿದ್ದೇನೆ ಎನಿಸುತ್ತಿತ್ತು. ಅಷ್ಟು ಸುಖದ ನಿದ್ದೆ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟ ಭಾಗಾಕಾರ. ಆ ಯಂತ್ರಗಳಿಗೆ ಭಾಗಿಸಲು ಬರುತ್ತಿರಲಿಲ್ಲ. ಕಳೆಯಲು ಬರುತ್ತಿತ್ತು, ಅಷ್ಟೆ. ಹನ್ನೆರಡನ್ನು ಮೂರರಿಂದ ಭಾಗಿಸು ಎಂದರೆ ಹನ್ನೆರಡರಿಂದ ಮೂರು ತೆಗೆ, ಮತ್ತೆ ಮೂರು ತೆಗೆ, ಇನ್ನು ತೆಗೆಯಲು ಏನೂ ಇಲ್ಲ ಎನ್ನುವವರೆಗೆ ತೆಗೆ, ಎಷ್ಟು ಸಲ ತೆಗೆದೆ ಎಂದು ಎಣಿಸು. ಅಪ್ಪ ಇದನ್ನು ಸ್ಕ್ರೂ ಡಬ್ಬಿ ಇಟ್ಟುಕೊಂಡು ನನಗೆ ಕಲಿಸಿದ. ಹನ್ನೆರಡು ಸ್ಕ್ರೂ. ಮೂರು ಎತ್ತಿದ, ಒಂದು ಬೆರಳು ಮಡಚಿದ. ಮತ್ತೆ ಮೂರು, ಎರಡನೇ ಬೆರಳು. ನಾಲ್ಕನೇ ಬೆರಳಿಗೆ ಡಬ್ಬಿ ಖಾಲಿ. ನಾಲ್ಕು!

ನಾನು ಆರು ವರ್ಷದ ತರಲೆ. ಮೂರರ ಬದಲು ಸೊನ್ನೆ ಎಂದು ಬೆರಳನ್ನು ದುಂಡಗೆ ಮಾಡಿ ತೋರಿಸಿದೆ. ಅಪ್ಪ ಒಂದು ಗಳಿಗೆ ಯೋಚಿಸಿ, ಡಬ್ಬಿಯೊಳಗೆ ಕೈ ಹಾಕಿ, ಬರಿಗೈ ಎತ್ತಿದ. ಬೆರಳು ಮಡಚಿದ. ಮತ್ತೆ ಕೈ ಹಾಕಿ ಬರಿಗೈ ಎತ್ತಿದ. ಮತ್ತೊಂದು ಬೆರಳು. ಹತ್ತು ಬೆರಳೂ ಮುಗಿದವು, ನನ್ನ ಬೆರಳುಗಳನ್ನು ಸಾಲ ತೆಗೆದುಕೊಂಡ, ಅವೂ ಮುಗಿದವು. ಡಬ್ಬಿಯಲ್ಲಿ ಹನ್ನೆರಡು ಸ್ಕ್ರೂ ಹನ್ನೆರಡಾಗಿಯೇ ಕೂತಿದ್ದವು. ಅವನು ಮುಖ ಗಂಭೀರ ಮಾಡಿಕೊಂಡು ಬರಿಗೈ ಎತ್ತುತ್ತಲೇ ಇದ್ದ, ಎತ್ತುತ್ತಲೇ ಇದ್ದ. ನಾನು ನಕ್ಕು ನಕ್ಕು ಅವನ ತೊಡೆಯ ಮೇಲೆ ನಿದ್ದೆ ಹೋದೆ. ಕನಸಿನಲ್ಲೂ ಆ ಕೈ ಹೋಗಿ ಬರುತ್ತಿತ್ತು.

ಯಂತ್ರಕ್ಕೂ ಅದೇ ಗತಿ. ಸೊನ್ನೆಯಿಂದ ಭಾಗಿಸು ಎಂದು ಗುಂಡಿ ಒತ್ತಿದರೆ ಅದು ಸೊನ್ನೆಯನ್ನು ಕಳೆಯುತ್ತಾ ಹೋಗುತ್ತದೆ. ಕಳೆದಷ್ಟೂ ಕಡಿಮೆಯಾಗದು. ಕಡಿಮೆಯಾಗದಿದ್ದರೆ ನಿಲ್ಲಲು ಅದಕ್ಕೆ ಗೊತ್ತಿಲ್ಲ. ಉತ್ತರ ತೋರಿಸುವ ಕಿಟಕಿಯಲ್ಲಿ ಒಂದು, ಎರಡು, ಮೂರು, ಒಂಬತ್ತರವರೆಗೆ ಹೋಗಿ ಮತ್ತೆ ಮೊದಲಿನಿಂದ ಅಂಕಿ ಉರುಳುತ್ತಲೇ ಇರುತ್ತದೆ. ಅಲ್ಲಿನ ಹೆಂಗಸರು ಇದಕ್ಕೆ 'ಓಡಿತು' ಎನ್ನುತ್ತಿದ್ದರು. "ಅಣ್ಣಾ, ಓಡ್ತು!" ಎಂದು ಒಬ್ಬಳು ಕೈ ಎತ್ತಿದರೆ ಅಪ್ಪ ಎಲ್ಲಿದ್ದರೂ ಓಡಿಬಂದು ಗೋಡೆಯಿಂದ ಪ್ಲಗ್ ಕೀಳುತ್ತಿದ್ದ. ತಡವಾದರೆ ಮೋಟಾರು ಸುಟ್ಟು ಹೋಗುತ್ತಿತ್ತು. ಪ್ಲಗ್ ಕಿತ್ತ ಮೇಲೆ ಪಕ್ಕದ ಹಿಡಿ ಎಳೆದು ಎಲ್ಲ ಕಿಟಕಿಗಳನ್ನೂ ಸೊನ್ನೆಗೆ ತರುತ್ತಿದ್ದ, ಮತ್ತೆ ಪ್ಲಗ್ ಹಾಕಿ, ಜ್ವರ ಇಳಿದ ಮಗುವಿನ ಬೆನ್ನು ತಟ್ಟಿದ ಹಾಗೆ ಯಂತ್ರವನ್ನು ತಟ್ಟಿ, "ಸರಿ ಹೋಯ್ತು ತಂಗಿ, ಮುಂದೆ ನೋಡು" ಎಂದು ಹೊರಡುತ್ತಿದ್ದ. ಪ್ಲಗ್ಗಣ್ಣನಾದದ್ದು ಹೀಗೆ.

ಅವನಿಗೆ ಒಂದು ಜಂಬವಿತ್ತು. ಹಾಳೆಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಯಂತ್ರ ನನ್ನದು, ಕಾಗದ ಅವರದು" ಎನ್ನುತ್ತಿದ್ದ. ಯಾರೋ ಅವಸರದಲ್ಲಿ ತಪ್ಪು ಗುಂಡಿ ಒತ್ತಿರಬೇಕು, ಈಗ ಸರಿಯಾದದ್ದನ್ನು ಒತ್ತುತ್ತಾರೆ ಎಂದು ತಿಳಿದು ಅವನು ಹೋಗಿಬಿಡುತ್ತಿದ್ದ. ಹೆಂಗಸರಿಗಾದರೋ ಬೇರೆ ಕಟ್ಟಪ್ಪಣೆ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕಿದ್ದರು: 'ಕಿಟಕಿಯಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. ಯಾವ ಖಾನೆಯನ್ನೂ ಖಾಲಿ ಬಿಡಬೇಡಿ.' ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾಗ ಅದು. ಇವನು ಹಾಳೆ ನೋಡುವುದಿಲ್ಲ, ಅವರು ಯಂತ್ರದ ಬಗ್ಗೆ ಯೋಚಿಸುವುದಿಲ್ಲ. ಹತ್ತು ಹನ್ನೊಂದು ವರ್ಷ ಹೀಗೆಯೇ ನಡೆಯಿತು.

ಇತ್ತ ಮನೆಯಲ್ಲಿ ಅಮ್ಮನಿಗೆ ಒಂದೇ ಆಸೆ. ನಾನು ಬಾಯಿಬಿಟ್ಟು ಅಮ್ಮ ಎನ್ನಬೇಕು. ಅವಳು ನನ್ನ ಕೈಯನ್ನು ತನ್ನ ಗಂಟಲಿಗೆ ಒತ್ತಿ ಹಿಡಿದು ದಿನಕ್ಕೆ ನೂರು ಸಲ ಆ ಮಾತು ಹೇಳುತ್ತಿದ್ದಳು. ಗಂಟಲು ನಡುಗುವುದು ನನಗೆ ತಿಳಿಯುತ್ತಿತ್ತು, ಕಚಗುಳಿಯೂ ಆಗುತ್ತಿತ್ತು, ನಾನು ನಗುತ್ತಿದ್ದೆ. ಅವಳು ಅಳುತ್ತಿದ್ದಳು. ಪಕ್ಕದ ಮನೆಯ ಪುಟಾಣಿ ಹಗಲೆಲ್ಲ ಅಮ್ಮಾ ಅಮ್ಮಾ ಎಂದು ಅರಚಿ ಬೈಸಿಕೊಳ್ಳುವಾಗ ಇವಳು ಕಿಟಕಿ ಹಾಕಿಬಿಡುತ್ತಿದ್ದಳಂತೆ.

ಆ ವರ್ಷ ಡಾಕ್ಟರು ಅವಳ ಕೈಗೆ ಒಂದು ಹಳದಿ ಪುಸ್ತಕ ಕೊಟ್ಟರು. ಕಿವಿ ಕೇಳದ ಮಕ್ಕಳ ಶಾಲೆಗಳ ವರದಿ. ಹನ್ನೊಂದು ಶಾಲೆಗಳ ಪಟ್ಟಿ, ಕೊನೆಯ ಖಾನೆಯಲ್ಲಿ 'ಮಗುವಿಗೆ ಮೊದಲ ಮಾತು ಬರಲು ಹಿಡಿಯುವ ತಿಂಗಳು, ಸರಾಸರಿ'. ನಮ್ಮ ಊರಿನ ಶಾಲೆಯ ಮುಂದೆ ನಲವತ್ತೊಂದು ಎಂದಿತ್ತು. ಎಲ್ಲರಿಗಿಂತ ಹೆಚ್ಚು. ಬಸ್ಸಿನಲ್ಲಿ ಎರಡು ದಿನದ ದಾರಿಯ, ಅಲ್ಲೇ ಇದ್ದು ಓದುವ ಒಂದು ಶಾಲೆಯ ಮುಂದೆ ಸೊನ್ನೆ ಎಂದಿತ್ತು.

"ಸೊನ್ನೆ ತಿಂಗಳು ರೀ!" ಎಂದಳಂತೆ ಅಮ್ಮ. "ಕಾಲಿಟ್ಟ ತಕ್ಷಣ ಮಾತಾಡ್ತವೆ ಅಂತಾಯ್ತಲ್ಲ."

"ಅಷ್ಟು ದೂರಾನಾ? ವರ್ಷಕ್ಕೆ ಒಂದೇ ಸಲ ನೋಡೋಕೆ ಬಿಡ್ತಾರಂತೆ."

"ನಾನಿಲ್ಲಿ ಇದ್ದೂ ಇಲ್ಲದ ಹಾಗೇ ಇದೀನಿ. ಅವಳು ಕರೆಯೋ ಹಾಗಾಗಿ ಬರ್ಲಿ, ಎಷ್ಟು ದೂರ ಇದ್ರೂ ಬರ್ಲಿ."

ಆ ಪುಸ್ತಕದ ಅಂಕಿಗಳೆಲ್ಲ ತನ್ನ ಕಚೇರಿಯ ಯಂತ್ರಗಳಿಂದಲೇ ಬಂದವು ಎಂದು ಅಪ್ಪನಿಗೆ ಗೊತ್ತಿತ್ತು; ಅದಕ್ಕೇ ಇನ್ನೂ ಹೆಚ್ಚು ನಂಬಿದ. ತಾನು ಎಣ್ಣೆ ಬಿಟ್ಟ ಯಂತ್ರ ಸುಳ್ಳು ಹೇಳುತ್ತದೆಯೇ?

ಟ್ರಂಕು ಬಂತು. ಅಮ್ಮ ನನ್ನ ಆರು ಫ್ರಾಕಿನ ಒಳಗೂ ನೀಲಿ ದಾರದಲ್ಲಿ ಗುರುತು ಹೊಲಿದಳು. ಸೋಮವಾರ ಬೆಳಿಗ್ಗೆ ಬಸ್ಸು. ನನಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಲು ಅವರಿಗೆ ದಾರಿಯೂ ತಿಳಿದಿರಲಿಲ್ಲ. ಟ್ರಂಕಿನಲ್ಲಿ ನನ್ನ ಬಟ್ಟೆ ಮಾತ್ರ ಇರುವುದನ್ನು ನೋಡಿದೆ. ಅಮ್ಮನ ಒಂದು ಸೀರೆ, ಅಪ್ಪನ ಒಂದು ಅಂಗಿ ತಂದು ಅದರೊಳಗೆ ಇಟ್ಟೆ. ಅಮ್ಮ ತೆಗೆದಳು. ಮತ್ತೆ ಇಟ್ಟೆ. ಅವಳು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟಳು.

ಶನಿವಾರ ಅಪ್ಪ ನನ್ನನ್ನು ಕೊನೆಯ ಸಲ ಎಂಬಂತೆ ಕಚೇರಿಗೆ ಕರೆದೊಯ್ದ. ಅವತ್ತು ಬೆಂಚಿನ ಕೆಳಗೆ ಮಲಗಲು ನನಗೆ ಮನಸ್ಸಾಗಲಿಲ್ಲ. ಒಂಬತ್ತನೇ ಮೇಜಿನ ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅತ್ತೆ ದಪ್ಪ ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಹಾಳೆಯ ಸಾಲು ಹಿಡಿದು, ಇನ್ನೊಂದು ಕೈಯಲ್ಲಿ ನೋಡದೆಯೇ ಗುಂಡಿ ಒತ್ತುತ್ತಿದ್ದಳು. ಯಂತ್ರದ ಮುಚ್ಚಳದ ಮೇಲೆ ನಾನು ಅಂಗೈ ಇಟ್ಟಿದ್ದೆ. ನಡುಕ ಬಂತು, ನಿಂತಿತು. ಬಂತು, ನಿಂತಿತು. ಆಮೇಲೆ ಬಂದದ್ದು ನಿಲ್ಲಲಿಲ್ಲ.

ಅದು ಹೇಗಿತ್ತು ಎಂದರೆ, ಅಂಗೈಯಿಂದ ತೋಳಿಗೆ, ತೋಳಿನಿಂದ ಹಲ್ಲಿಗೆ ಒಂದೇ ಸಮನೆ ಹರಿಯುತ್ತಿತ್ತು. ಕಿಟಕಿಯಲ್ಲಿ ಅಂಕಿಗಳು ಉರುಳಿದವು, ಉರುಳಿ ಉರುಳಿ ಬೂದು ಬಣ್ಣದ ಒಂದು ಗೆರೆಯಾದವು. ಬಿಸಿಲು, ಧೂಳು, ಅತ್ತೆಯ ಎತ್ತಿದ ಕೈ ಎಲ್ಲವೂ ದೂರವಾಗಿ ಕಂಡವು. ಇದು ಎಲ್ಲಿಗೋ ಹೋಗುತ್ತಿದೆ, ಹೋಗಿ ಮುಟ್ಟುವುದೇ ಇಲ್ಲ, ನನ್ನ ಟ್ರಂಕೂ ಹೀಗೆಯೇ ಹೋಗುತ್ತದೆ ಎನಿಸಿತು. ನನಗೆ ಭಯವಾಯಿತು. ಆದರೂ ಕೈ ತೆಗೆಯಲಿಲ್ಲ.

ಅಪ್ಪ ಓಡಿಬಂದ, ಪ್ಲಗ್ ಕಿತ್ತ, ಹಿಡಿ ಎಳೆದ. ಕಿಟಕಿಗಳೆಲ್ಲ ಸೊನ್ನೆಯಾದವು. ಯಂತ್ರ ತಟ್ಟಿ ತಿರುಗಿದ. ಅತ್ತೆ ಕಿಟಕಿ ನೋಡಿದಳು, ಹಾಳೆ ನೋಡಿದಳು, ಕೊನೆಯ ಖಾನೆಯಲ್ಲಿ ದುಂಡಗೆ ಒಂದು ಸೊನ್ನೆ ಬರೆದಳು.

ನನಗೆ ನಗು ಬಂತು. ಅಪ್ಪನ ಅಂಗಿ ಹಿಡಿದೆಳೆದೆ. ಹಾಳೆಯ ಸೊನ್ನೆಗೆ ಬೆರಳಿಟ್ಟು, ಯಂತ್ರದ ಪಕ್ಕದ ಹಿಡಿಗೆ ಬೆರಳಿಟ್ಟು, ಅವನ ಎದೆಗೆ ಬೆರಳಿಟ್ಟೆ. ಇದನ್ನು ಮಾಡಿದ್ದು ನೀನು. ಆಮೇಲೆ ಡಬ್ಬಿಯಿಂದ ಬರಿಗೈ ಎತ್ತುವ ನಮ್ಮ ಆಟ ಆಡಿ ತೋರಿಸಿದೆ, ಒಂದು ಸಲ, ಎರಡು ಸಲ, ಮೂರು ಸಲ. ಆಟ ಮುಗಿದೇ ಇಲ್ಲ, ಅತ್ತೆ ಉತ್ತರ ಹೇಗೆ ಬರೆದಳು?

ಅಪ್ಪ ಹನ್ನೊಂದು ವರ್ಷದಲ್ಲಿ ಮೊದಲ ಸಲ ಹಾಳೆಗೆ ಬಗ್ಗಿದ.

"ಏನು ಬರೆದೆ ತಂಗಿ?"

"ಕಿಟಕಿಯಲ್ಲಿ ಬಂದಿದ್ದು ಅಣ್ಣ."

"ಅದು ಬಂದಿದ್ದಲ್ಲ. ನಾನು ಒರೆಸಿದ್ದು. ಸರಿಯಾಗಿ ಮತ್ತೆ ಒತ್ತಬೇಕಿತ್ತು ನೀನು."

"ಸರಿಯಾಗೇ ಒತ್ತಿದೀನಲ್ಲ." ಅತ್ತೆ ಸಾಲಿನ ಮೇಲೆ ಬೆರಳು ಓಡಿಸಿದಳು. "ನೋಡಿ, ಹದಿಮೂರು ಮಕ್ಕಳಿಗೆ ಕಲಿಸಿದ್ದು ಒಟ್ಟು ಮುನ್ನೂರ ಹನ್ನೆರಡು ತಿಂಗಳು. ಅದನ್ನ ಮಾತು ಬಂದ ಮಕ್ಕಳ ಸಂಖ್ಯೆಯಿಂದ ಭಾಗಿಸಬೇಕು. ಮಾತು ಬಂದವರು ಸೊನ್ನೆ. ಇನ್ನೇನು ಒತ್ತಲಿ?"

ಅಪ್ಪ ಸಾಲಿನ ತಲೆಯಲ್ಲಿದ್ದ ಶಾಲೆಯ ಹೆಸರು ಓದಿದ. ಬಸ್ಸಿನಲ್ಲಿ ಎರಡು ದಿನದ ದಾರಿ.

ಅವನು ಬೆಂಚಿನ ಕೆಳಗಿನ ತನ್ನ ರಿಪೇರಿ ಪುಸ್ತಕ ತೆಗೆದ. ಹಳದಿ ಪುಸ್ತಕಕ್ಕೆ ಅಂಕಿ ಕೊಟ್ಟಿದ್ದ ಹೋದ ವರ್ಷದ ಹಾಳೆಯನ್ನು ಅತ್ತೆ ಬೀರುವಿನಿಂದ ತಂದಳು. ಅದೇ ಶಾಲೆ, ಅದೇ ಹದಿಮೂರು ಮಕ್ಕಳು, ಮಾತು ಬಂದವರು ಆಗಲೂ ಸೊನ್ನೆ. ಹಾಳೆಯ ತಾರೀಖಿಗೆ ರಿಪೇರಿ ಪುಸ್ತಕದಲ್ಲಿ ಅಪ್ಪನದೇ ಕೈಬರಹ: 'ಮೇಜು ಒಂಬತ್ತು. ಓಡಿತು. ಪ್ಲಗ್ ತೆಗೆದು ಸೊನ್ನೆ ಮಾಡಿ ಕೊಟ್ಟೆ.' ಮಾಡಿದ್ದುಣ್ಣೋ ಮಹರಾಯ ಎಂದು ಅವನೇ ಎಷ್ಟು ಜನರಿಗೆ ಹೇಳಿರಲಿಲ್ಲ! ಆ ಹೊತ್ತಿನ ಅವನ ಮುಖ ನನಗೆ ನೆನಪಿದೆ. ನಾನು ಏನೋ ಮುರಿದುಬಿಟ್ಟೆ ಎಂದುಕೊಂಡು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಆ ಶಾಲೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಜನರೇ ಇದ್ದರೋ ಏನೋ, ಮುಂದಿನ ವರ್ಷ ಹದಿಮೂರೂ ಮಕ್ಕಳು ಒಟ್ಟಿಗೆ ಮಾತಾಡುತ್ತಿದ್ದರೋ ಏನೋ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಎಲ್ಲಕ್ಕಿಂತ ಒಳ್ಳೆಯ ಅಂಕಿ ಕೂತಿತ್ತು. ನನ್ನ ಸಿಟ್ಟು ಅಷ್ಟಕ್ಕೇ.

ಅಪ್ಪ ನನ್ನ ಕೈ ಹಿಡಿದುಕೊಂಡೇ ಸಾಹೇಬರ ಕೋಣೆಗೆ ಹೋದ. ಸಾಹೇಬರು ಕೆಟ್ಟವರಲ್ಲ, ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

"ಸಾರ್, ಈ ಸೊನ್ನೆ ತಪ್ಪು."

"ಮಿಷನ್ನೇ ಹೇಳಿದೆಯಲ್ಲಯ್ಯಾ."

"ಮಿಷನ್ ಏನೂ ಹೇಳಿಲ್ಲ ಸಾರ್. ಹೇಳೋಕಾಗದೆ ಒದ್ದಾಡ್ತಿತ್ತು, ನಾನು ಬಾಯಿ ಮುಚ್ಚಿಸಿದೆ."

"ಯಾರಿಗೂ ಮಾತು ಬಂದಿಲ್ಲ, ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಸೊನ್ನೆ ಅಂತೀವಿ. ಸರಿಯಾಗೇ ಇದೆ."

"ಭಾಗಾಕಾರ ಸರಿಯಾ ಅಂತ ಗುಣಿಸಿ ನೋಡ್ತಾರಲ್ಲ ಸಾರ್. ನಮ್ಮೂರಿನ ಶಾಲೆ ನೋಡಿ. ಮಾತು ಬಂದೋರು ಆರು, ಸರಾಸರಿ ನಲವತ್ತೊಂದು. ಆರು ನಲವತ್ತೊಂದ್ಲಿ ಇನ್ನೂರ ನಲವತ್ತಾರು, ಹೋದ ವರ್ಷದ ಹಾಳೇಲೂ ಅಷ್ಟೇ ಇದೆ. ಈಗ ಇದನ್ನ ಗುಣಿಸಿ. ಸೊನ್ನೆಗೆ ಸೊನ್ನೆ. ಮುನ್ನೂರ ಹನ್ನೆರಡು ಬರಬೇಕು."

ಸಾಹೇಬರು ಪೆನ್ಸಿಲು ಎತ್ತಿಕೊಂಡರು, ಇಟ್ಟರು. "ಬರಲ್ಲ. ಸರಿ, ಸೊನ್ನೆ ಬೇಡ. ದೊಡ್ಡದೊಂದು ಹಾಕೋಣ. ಒಂಬೈನೂರ ತೊಂಬತ್ತೊಂಬತ್ತು. ಯಾರೂ ಆ ಕಡೆ ತಲೆ ಹಾಕಲ್ಲ."

"ಅದನ್ನೂ ಸೊನ್ನೆಯಿಂದ ಗುಣಿಸಿ ಸಾರ್."

"ಸೊನ್ನೆ."

"ಕೋಟಿ ಹಾಕಿ."

"ಸೊನ್ನೆನೇ ಕಣಯ್ಯಾ!" ಸಾಹೇಬರಿಗೆ ಹಟ ಬಂತು. "ಹಾಗಾದ್ರೆ ಶಾಲೆ ಬಾಗಿಲೇ ತೆಗೆದಿಲ್ಲ ಅನ್ನು. ಕಲಿಸಿದ್ದೂ ಸೊನ್ನೆ, ಮಾತು ಬಂದಿದ್ದೂ ಸೊನ್ನೆ. ಆಗ ಉತ್ತರ ಸೊನ್ನೆ ಅಂದ್ರೆ ಗುಣಿಸಿದ್ರೂ ಸರಿ ಹೋಗುತ್ತಲ್ಲ?"

"ಹೋಗುತ್ತೆ ಸಾರ್. ಐದು ಅಂದ್ರೂ ಸರಿ ಹೋಗುತ್ತೆ, ಐನೂರು ಅಂದ್ರೂ ಸರಿ ಹೋಗುತ್ತೆ. ಒಂದು ಕಡೆ ಯಾವುದೂ ಹೊಂದಲ್ಲ, ಇನ್ನೊಂದು ಕಡೆ ಎಲ್ಲವೂ ಹೊಂದುತ್ತೆ. ಎರಡು ಕಡೇನೂ ಇದೇ ಉತ್ತರ ಅಂತ ಹೇಗೆ ಬರೀತೀರಿ?"

ಸಾಹೇಬರು ಹಾಳೆಯನ್ನು ಅಪ್ಪನ ಕಡೆಗೆ ತಳ್ಳಿದರು. ಆಮೇಲೆ, "ಖಾನೆ ಖಾಲಿ ಬಿಡೋ ಹಾಗಿಲ್ಲ" ಎಂದರು.

"ಗೆರೆ ಎಳೆಯೋಣ ಸಾರ್. ಗೆರೆ ಅಂದ್ರೆ ಖಾಲಿ ಅಲ್ಲ."

"ಗೆರೆ ಅಂದ್ರೆ ಮತ್ತೇನು?"

"ಈ ಪ್ರಶ್ನೆ ಇಲ್ಲಿ ಕೇಳೋ ಹಾಗಿಲ್ಲ ಅಂತ."

ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ತಲೆಯಾಡಿಸಿದರು. ಅಪ್ಪನಿಗೆ ಅಷ್ಟು ಸಾಕಾಯಿತು. ಉಗ್ರಾಣದಲ್ಲಿ ಉಳಿದಿದ್ದ ಹಳದಿ ಪುಸ್ತಕಗಳನ್ನು ಹೊತ್ತು ತಂದು ನಲವತ್ತು ಮೇಜಿಗೂ ಹಂಚಿದ. ನನ್ನ ನಲವತ್ತು ಅತ್ತೆಯರು ಊಟದ ಡಬ್ಬಿ ಬದಿಗಿಟ್ಟು, ಒಂದೊಂದು ಪುಸ್ತಕ ಬಿಡಿಸಿ, ಆ ಸೊನ್ನೆಯನ್ನು ಹೊಡೆದು ಗೆರೆ ಎಳೆದರು. ಯಂತ್ರಗಳೆಲ್ಲ ಒಟ್ಟಿಗೆ ನಿಂತದ್ದು ನನಗೆ ಅದೇ ಮೊದಲು. ನೆಲ ಸತ್ತಂತೆ ಸುಮ್ಮನಿತ್ತು, ಬಿಸಿಲಿನಲ್ಲಿ ನಲವತ್ತು ಕೈಗಳು ಮೆಲ್ಲಗೆ ಚಲಿಸುತ್ತಿದ್ದವು. ಡಾಕ್ಟರುಗಳ ಕೈಸೇರಿದ್ದ ಪುಸ್ತಕಗಳಿಗೆ ಅಪ್ಪ ಆಮೇಲೆ ಒಂದೊಂದೇ ಕಾಗದ ಬರೆದ. ಅದಕ್ಕೆ ಎರಡು ತಿಂಗಳು ಹಿಡಿಯಿತು.

ಅದೆಲ್ಲ ಸುಲಭ. ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕಿತ್ತು. ಇನ್ನೂ ಸಂಜೆಯಾಗಿರಲಿಲ್ಲ. ಟ್ರಂಕು ಬಾಗಿಲ ಪಕ್ಕದಲ್ಲೇ ಇತ್ತು, ಮೇಲೆ ನನ್ನ ಹೊಸ ಬೂಟು. ಅಪ್ಪ ನಿಂತುಕೊಂಡೇ ಎಲ್ಲ ಹೇಳಿದ, ರಿಪೇರಿ ಪುಸ್ತಕ ಬಿಡಿಸಿ ತನ್ನ ಕೈಬರಹವನ್ನೂ ತೋರಿಸಿದ. "ಆ ಸೊನ್ನೆ ಮಾಡಿದ್ದು ನಾನೇ ಕಣೇ" ಎಂದ.

ಅಮ್ಮ ಬಯ್ಯುತ್ತಾಳೆಂದು ಅವನು ಕಾದ. ಅವಳು ಬಯ್ಯಲಿಲ್ಲ.

"ಸೊನ್ನೆ ಅಲ್ಲ. ಸರಿ. ಹಾಗಾದ್ರೆ ಎಷ್ಟು ತಿಂಗಳು?"

"ಉತ್ತರ ಇಲ್ಲ."

"ಉತ್ತರ ಇಲ್ಲ ಅಂದ್ರೆ ಎಷ್ಟು ರೀ? ನೂರಾ? ಇನ್ನೂರಾ? ಎಷ್ಟು ಅಂತ ಹೇಳಿ, ಕಾಯ್ತೀನಿ. ಎಷ್ಟಾದ್ರೂ ಕಾಯ್ತೀನಿ."

ಇದನ್ನು ಬರೆದು ತೋರಿಸುವಾಗ ಅಪ್ಪನ ಪೆನ್ಸಿಲು ಇಲ್ಲಿ ನಿಂತುಬಿಡುತ್ತಿತ್ತು. ಸಾಹೇಬರಿಗೆ ಕೊಟ್ಟ ಉತ್ತರಗಳಲ್ಲಿ ಒಂದನ್ನೂ ಅವನಿಂದ ಅವಳಿಗೆ ಕೊಡಲಾಗಲಿಲ್ಲ. ಕೊನೆಗೆ ಹಳದಿ ಪುಸ್ತಕದಲ್ಲಿ ಎಲ್ಲಕ್ಕಿಂತ ಕಳಪೆಯಾದ ಆ ನಲವತ್ತೊಂದರ ಮೇಲೆ ಬೆರಳಿಟ್ಟ. "ಇದಕ್ಕೆ ಉತ್ತರ ಇದೆ ನೋಡು. ಯಾರೋ ಆರು ಮಕ್ಕಳು ಮಾತಾಡಿದ್ದಕ್ಕೇ ಈ ನಲವತ್ತೊಂದು ಬಂದಿದ್ದು."

ಅಮ್ಮ ಆ ಅಂಕಿಯ ಮೇಲೆ ತಾನೂ ಬೆರಳಿಟ್ಟಳು. "ಆರು ಜನ ಅಮ್ಮಂದಿರು ಕೇಳಿಸ್ಕೊಂಡಿದಾರೆ" ಎಂದಳು. ಆಮೇಲೆ ಬೂಟು ತೆಗೆದಿಟ್ಟು ಟ್ರಂಕು ಬಿಚ್ಚಿದಳು.

ಹಾಗೆ ನಾನು ಊರಿನ ಶಾಲೆಗೇ ಹೋದೆ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ. ಓದು ಕಲಿತೆ, ಬರಹ ಕಲಿತೆ, ಕೈಮಾತು ಕಲಿತೆ, ಗೆಳತಿಯರ ಜೊತೆ ಕೈಯಲ್ಲೇ ಕೂದಲು ಹಿಡಿದೆಳೆಯುವಷ್ಟು ಜಗಳ ಕಲಿತೆ. ಬಾಯಿಮಾತಿನ ಪಾಠದಲ್ಲಿ ಮಾತ್ರ ದಡ್ಡಿ. ಟೀಚರ್ ಗಂಟಲು ಮುಟ್ಟಿಸಿ, ಕನ್ನಡಿ ಹಿಡಿದು, ಉರಿಯುವ ಮೇಣದ ಬತ್ತಿಯ ಮುಂದೆ ಊದಿಸಿ ಸೋತರು. ಅಮ್ಮ ಕ್ಯಾಲೆಂಡರಿನಲ್ಲಿ ತಿಂಗಳು ತಿಂಗಳು ಗುರುತು ಹಾಕುತ್ತಿದ್ದಳು. ಸರಾಸರಿ ಎಂದರೆ ಗಡುವಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ನಲವತ್ತೊಂದನೇ ತಿಂಗಳ ಕೊನೆಯ ದಿನ ಅವಳು ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ನಾನು ಬಂದೆ, ಕೈಯಲ್ಲಿ ಹಸಿವು ಎಂದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಬಂದು ಊಟಕ್ಕಿಟ್ಟಳು. ಅವತ್ತು ನನಗೆ ನನ್ನ ಮೇಲೇ ಕೋಪ ಬಂತು.

ಆ ವರ್ಷದ ಕೊನೆಯಲ್ಲಿ ಶಾಲೆಯಿಂದ ಒಂದು ಫಾರಂ ಬಂತು. ವರದಿಗಾಗಿ ಪ್ರತಿ ಮನೆಯವರೂ ತುಂಬಬೇಕು. 'ಮಗುವಿಗೆ ಮಾತು ಬಂದಿದೆಯೇ? ಮೊದಲ ಮಾತು ಯಾವುದು? ಎಷ್ಟನೇ ತಿಂಗಳು?' ಭಾನುವಾರ ಬೆಳಿಗ್ಗೆ. ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಫಾರಂ ಹರಡಿಕೊಂಡು ಪೆನ್ನು ಹಿಡಿದು ಕೂತಿದ್ದ. ಅಮ್ಮ ಕಿಟಕಿಯ ಬಳಿ ನಮ್ಮಿಬ್ಬರಿಗೂ ಬೆನ್ನು ಹಾಕಿ ನಿಂತಿದ್ದಳು. ಅವಳ ಭುಜ ಅಲುಗುತ್ತಿತ್ತು.

"ಸೊನ್ನೆ ಮಾತ್ರ ಬರೀಬೇಡಿ" ಎಂದಳಂತೆ, ತಿರುಗದೆ.

"ಬರಿಯಲ್ಲ."

"ಗೆರೆ ಎಳೆದುಬಿಡಿ. ಉತ್ತರ ಇಲ್ಲ ಅಂತ ಬರೀರಿ. ನನ್ನನ್ನ ಅವಳು ಯಾವತ್ತೂ ಕರೆಯಲ್ಲ."

ಅಪ್ಪ ಪೆನ್ನು ಖಾನೆಗೆ ತಂದ. ನಾನು ನೋಡುತ್ತಿದ್ದದ್ದು ಅದನ್ನಲ್ಲ. ಒಲೆಯ ಮೇಲೆ ಹಾಲು ಪಾತ್ರೆಯ ಅಂಚಿಗೆ ಏರಿ ಬರುತ್ತಿತ್ತು, ಇಬ್ಬರಿಗೂ ಪರಿವೆಯಿಲ್ಲ. ನಾನು ಕೂತಲ್ಲಿಂದಲೇ ನೆಲಕ್ಕೆ ಎರಡು ಸಲ ಕಾಲು ಕುಟ್ಟಿದೆ.

"ಬಂದೆ ಕಣೇ, ಏನು?" ಎನ್ನುತ್ತಾ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗಿದಳು.

ಅಪ್ಪನ ಪೆನ್ನು ಖಾನೆಯ ಮೇಲೆಯೇ ನಿಂತಿತು. "ಯಾರಿಗೆ ಹೇಳಿದೆ ಬಂದೆ ಅಂತ?"

"ಇವಳಿಗೆ. ಕರೆದಳಲ್ಲ, ಅದಕ್ಕೆ..." ಅಮ್ಮ ಅಲ್ಲಿಗೇ ನಿಂತಳು.

"ಹೀಗೆ ಯಾವಾಗಿಂದ ಕರೀತಿದಾಳೆ?"

ಅಮ್ಮ ಯೋಚಿಸಿದಳು. ಶಾಲೆಗೆ ಸೇರಿದಾಗಿನಿಂದ ಅಲ್ಲ, ಅದಕ್ಕೂ ಮೊದಲು. ಟ್ರಂಕು ತರುವುದಕ್ಕೂ ಮೊದಲು. ಗೋಡೆ ಹಿಡಿದು ನಿಲ್ಲಲು ಕಲಿತಾಗಲೇ ಇರಬೇಕು. ಅಪ್ಪನಿಗೆ ಒಂದು ಸಲ ಕುಟ್ಟುತ್ತಿದ್ದೆ, ಅಮ್ಮನಿಗೆ ಎರಡು ಸಲ. ದಿನಕ್ಕೆ ನೂರು ಸಲ ಕರೆದಿದ್ದೇನೆ, ನೂರು ಸಲವೂ ಅವಳು ಬಂದಿದ್ದಾಳೆ. ಎಷ್ಟನೇ ತಿಂಗಳಿನಿಂದ ಎಂದು ಅವಳಿಗೆ ಎಷ್ಟು ಹಿಂದಕ್ಕೆ ಹೋದರೂ ಸಿಗಲಿಲ್ಲ.

ಹಾಲು ಉಕ್ಕಿ ಒಲೆಯ ತುಂಬ ಹರಿಯಿತು, ಯಾರೂ ಹೋಗಿ ಆರಿಸಲಿಲ್ಲ. ಅಮ್ಮ ನನ್ನ ಕಾಲ ಬಳಿ ನೆಲದ ಮೇಲೆ ಕೂತಳು, ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿದಳು, ಇನ್ನೊಂದು ಸಲ ಕರೆ ಎಂದು ಕಣ್ಣಲ್ಲೇ ಕೇಳಿದಳು.

ನಾನು ಕರೆದೆ.